ಅಜ್ಜಿಯ ಮಡಿ, ಅಪ್ಪನ ಬ್ರೇಕು

ತಪ್ಪು ಅಪ್ಪನದೇ. ಐವತ್ತರ ದಶಕದ ಬಸವನಗುಡಿಯಲ್ಲಿ, ಅಜ್ಜಿಯಂಥ ಮಡಿವಂತರಿರುವ ಮನೆಯೊಳಗೆ, ಯಾರಾದರೂ ಸರಿಯಾಗಿ ಹಿಡಿಯದ ಕಾರಿನ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಬಿಚ್ಚಿ, ಅದರ ಸೆಟೆದ ಚರ್ಮದ ವಾಷರನ್ನು ಮೆತ್ತಗಾಗಲೆಂದು ಹರಳೆಣ್ಣೆಯ ಬಟ್ಟಲಲ್ಲಿ ನೆನೆಹಾಕುತ್ತಾರೆಯೇ? ಶನಿವಾರ ಬೆಳಿಗ್ಗೆ ಅಜ್ಜಿ ಅದೇ ಎಣ್ಣೆಯನ್ನು ಮಗನ ನೆತ್ತಿಗೆ ತಟ್ಟಿದರು. ತಳದಲ್ಲಿ ಚರ್ಮ ಕಂಡದ್ದೇ, ಮೈಲಿಗೆಯೆಂದು ಇಬ್ಬರಿಗೂ ತಣ್ಣೀರು ಸ್ನಾನವಾಯಿತು.

ನಡುಗುತ್ತಿದ್ದ ಅಪ್ಪ ರೇಗಿ, "ನೀನು ದೇವಸ್ಥಾನಕ್ಕೆ ಹೋಗುವಾಗ ಕೂರೋ ಸೀಟೂ ಚರ್ಮದ್ದೇ ಕಣಮ್ಮ" ಅಂದುಬಿಟ್ಟರು.

ಬ್ರೇಕು ಜೋಡಿಸಿದ ಮೇಲೆ ಅಜ್ಜಿ ಕಾರು ಹತ್ತಿದ್ದು ಊಟದ ಮಣೆಯೊಂದಿಗೆ. ಅದನ್ನು ಹಿಂದಿನ ಸೀಟಿನ ಮೇಲಿಟ್ಟು ಕೂತರು. ಮೊದಲ ತಿರುವಿನಲ್ಲೇ ಎಮ್ಮೆಯೊಂದು ಅಡ್ಡ ಬಂತು. ಅಪ್ಪ ಪೆಡಲು ಒತ್ತಿದರು. ಕಾರು ನಿಂತಿತು, ಅಜ್ಜಿ ನಿಲ್ಲಲಿಲ್ಲ; ಮಣೆ ಸಮೇತ ಜಾರಿ ಕಾರಿನ ನೆಲದಲ್ಲಿ ಕೂತಿದ್ದರು.

"ಮೊದ್ಲಿನ ಬ್ರೇಕೇ ಚೆನ್ನಾಗಿತ್ತು" ಅಂದರು, "ಹಿಡೀತಾನೇ ಇರ್ಲಿಲ್ಲ."