ಪೊರಕೆ ಹಿಡಿಯದ ಎಲೀಟ್ ತಂಡ

ಗುಂಡ್ಲುಪೇಟೆಯಲ್ಲಿ ನಾನೂ ನಮ್ಮ ಯಜಮಾನರೂ ಒಂದೇ ವರ್ಷ ರಾಷ್ಟ್ರಮಟ್ಟದ ಕ್ರೀಡಾಪಟುಗಳಾದೆವು. ಕ್ರೀಡೆಯ ಹೆಸರು ಕರ್ಲಿಂಗ್. ಹಿಡಿಕೆಯಿರುವ ದುಂಡು ಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಿಬಿಡಬೇಕು. ಅದು ದೂರದ ವೃತ್ತ ತಲುಪುವಂತೆ ಇಬ್ಬರು ಮುಂದೆ ಓಡುತ್ತ ಪೊರಕೆಯಂಥ ಬ್ರಷ್ಷಿನಿಂದ ಹಾದಿ ಉಜ್ಜಬೇಕು.

ಚಾಮರಾಜನಗರದ ಕಲ್ಯಾಣಮಂಟಪದಲ್ಲಿ ನಡೆದ ಆಯ್ಕೆಗೆ ನಾಲ್ವರು ಗಂಡಸರು, ನಾಲ್ವರು ಹೆಂಗಸರು ಬಂದಿದ್ದೆವು. ಬೇಕಿದ್ದದ್ದೂ ಅಷ್ಟೇ ಜನ. ಆದರೂ ನಿವೃತ್ತ ಪಿ.ಟಿ. ಮೇಷ್ಟ್ರು ಸಂಜೆಯವರೆಗೆ ಕೂರಿಸಿ ಗಂಭೀರವಾಗಿ ಹೆಸರು ಕೂಗಿದರು. ಬೇರೆ ಜಿಲ್ಲೆಯವರು ಯಾರೂ ಬಾರದ್ದರಿಂದ ನಾವೇ ರಾಜ್ಯ ತಂಡವೂ ಆದೆವು. ಬೆನ್ನಿಗೆ ‘ಎಲೀಟ್’ ಎಂದು ಬರೆದ ಜರ್ಸಿ ಬಂತು.

ನಮ್ಮ ತಾಲೂಕಿನಲ್ಲಿ ಹಿಮವಿರುವುದು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಹೆಸರಿನಲ್ಲಿ ಮಾತ್ರ. ಚಳಿ ಅಭ್ಯಾಸವಾಗಲೆಂದು ಮೇಷ್ಟ್ರು ಅಲ್ಲಿಗೆ ಕರೆದೊಯ್ದರು. ಮಂಜಿನಲ್ಲಿ ನಿಂತು ಪುಳಿಯೋಗರೆ ತಿಂದು ಬಂದೆವು. ಉಳಿದ ತಾಲೀಮೆಲ್ಲ ಮಂಟಪದ ನುಣುಪು ನೆಲದ ಮೇಲೆ, ಚಕ್ರ ಹಾಕಿದ ಕಲ್ಲಿನಲ್ಲಿ.

ಅಲ್ಲೇ ತಕರಾರು ಶುರುವಾಯಿತು. ನಾಲ್ವರು ಗಂಡಸರಿಗೂ ಕಲ್ಲು ಬಿಡುವುದೇ ಬೇಕು.

“ಒಬ್ರು ಬುಡಿ, ಇಬ್ರು ಗುಡ್ಸಿ ಕಣ್ರಲಾ,” ಎಂದರು ಮೇಷ್ಟ್ರು.

ಕ್ಯಾಪ್ಟನ್ ಆಗಿದ್ದ ಯಜಮಾನರು, “ಗುಡ್ಸಕ್ಕೆ ಅಷ್ಟ್ ದೂರ ಓಗ್ಬೇಕಾ ಸಾ? ನಮ್ ಕಲ್ಲು ತಾನೇ ಓಯ್ತದೆ, ಬುಡಿ,” ಎಂದರು.

ರಾಷ್ಟ್ರೀಯ ಪಂದ್ಯಾವಳಿ ಉತ್ತರ ಭಾರತದ ಬೆಟ್ಟದೂರಿನಲ್ಲಿ. ಗಂಡಸರ ಕಲ್ಲುಗಳು ಅರ್ಧದಾರಿಯಲ್ಲೇ ನಿಂತವು. ನಾಲ್ವರೂ ಸೊಂಟಕ್ಕೆ ಕೈಕೊಟ್ಟು ಅವನ್ನೇ ದಿಟ್ಟಿಸಿದರು. ಒಬ್ಬರು ಮಂಜುಗಡ್ಡೆ ಸರಿಯಿಲ್ಲವೆಂದರು. ಇನ್ನೊಬ್ಬರು, ಕಲ್ಲು ನಮ್ಮ ಚಾಮರಾಜನಗರದ ಕ್ವಾರಿಯದಾಗಿದ್ದರೆ ಹೀಗಾಗುತ್ತಿರಲಿಲ್ಲವೆಂದರು. ಪಕ್ಕದ ಅಂಕಣದಲ್ಲಿ ನಾವು ಹೆಂಗಸರು ಬಗ್ಗಿ ಉಜ್ಜಿದೆವು, ಬಿದ್ದೆವು, ಎದ್ದು ಮತ್ತೆ ಉಜ್ಜಿದೆವು. ಮೊದಲ ಪಂದ್ಯ ಸೋತು ಎರಡನೆಯದು ಗೆದ್ದೆವು. ನನಗೆ ಅಳು ಬಂದುಬಿಟ್ಟಿತು. ಶಾಲೆ ಬಿಟ್ಟಮೇಲೆ ನಾನು ಯಾವುದರಲ್ಲೂ ಗೆದ್ದಿರಲಿಲ್ಲ.

ಗಂಡಸರ ಕೊನೆಯ ಪಂದ್ಯದಲ್ಲಿ ಕಲ್ಲೊಂದು ವೃತ್ತದ ಹತ್ತಿರ ಬಂದು ನಿಧಾನವಾಯಿತು. ಯಜಮಾನರು ಅತ್ತಿತ್ತ ನೋಡಿದರು. ತಂಡದವರನ್ನು ಬಿಟ್ಟರೆ ಊರಿನವರು ಯಾರೂ ಇರಲಿಲ್ಲ. ಬ್ರಷ್ ಎತ್ತಿಕೊಂಡು ಓಡಿ ಉಜ್ಜಿಯೇ ಉಜ್ಜಿದರು. ಕಲ್ಲು ನಟ್ಟನಡುವೆ ನಿಂತಿತು. ಅವರ ತಂಡದ ಇಡೀ ಗಳಿಕೆ ಆ ಒಂದು ಅಂಕ. ಆ ಕ್ಷಣದ ಫೋಟೋ ಯಾರೋ ತೆಗೆದು ಹರಿಬಿಟ್ಟಿದ್ದರು. ನಮಗಿಂತ ಮೊದಲೇ ಅದು ವಾಟ್ಸಾಪಿನಲ್ಲಿ ಊರು ಸೇರಿತ್ತು.

ಸನ್ಮಾನ ಸಮಾರಂಭದಲ್ಲಿ ಮುಖ್ಯ ಅತಿಥಿಗಳು ಕೇರಂ ಆಟದ ಮಹತ್ವ ಕುರಿತು ಮಾತಾಡಿದರು. ಸೋತ ಗಂಡಸರಿಗೆ ಮೈಸೂರು ಪೇಟ, ಗೆದ್ದ ನಮಗೆ ಅರಿಸಿನ, ಕುಂಕುಮ, ಬ್ಲೌಸ್‌ಪೀಸು.

ಮನೆಗೆ ಬಂದಾಗ ಅತ್ತೆ ಫೋನು ಹಿಡಿದು ಕೂತಿದ್ದರು.

“ಏನ್ಲಾ ಇದು, ಅಲ್ಲೋಗಿ ಕಸ ಗುಡುಸ್ತಿದ್ದೀಯಾ?” ಎಂದು ಮಗನನ್ನು ಕೇಳಿದರು.

“ಆಟ ಕಣವ್ವ.”

ಅತ್ತೆ ಫೋಟೋವನ್ನು ಇನ್ನೊಮ್ಮೆ ನೋಡಿ, “ಚೆಂದಾಗೇ ಗುಡುಸ್ತೀಯ. ನಾಳಿಂದ ಅಂಗ್ಳನೂ ನೀನೇ ನೋಡ್ಕೊ,” ಎಂದರು.

ಯಜಮಾನರು ಕೆಲವು ದಿನ ಗುಡಿಸಿದರು. ಆಮೇಲೆ ಸೊಂಟನೋವೆಂದರು. ಈಗ ಮುಂದಿನ ವರ್ಷದ ಆಯ್ಕೆ ಹತ್ತಿರವಾಗುತ್ತಿದ್ದಂತೆ ನೋವು ಕಡಿಮೆಯಾಗಿದೆ.