ಐದು ಕಾಯಿ ಹೆಚ್ಚು

ದಮಯಂತಿ ಟೀಚರಿಗೆ ಒಂದು ಚಾಳಿ. ಯಾವುದೇ ವಸ್ತು ಕೈಗೆ ಸಿಕ್ಕಲಿ, ಅದರ ಒಳಗುಟ್ಟು ತಿಳಿಯುವ ತನಕ ಜೀವಕ್ಕೆ ಸಮಾಧಾನವಿಲ್ಲ. ಸಿದ್ಧಕಟ್ಟೆ ಕಡೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಇಂಥವರ ಕೈಗೆ ೧೯೮೭ರಲ್ಲಿ ಒಂದು ಕಂಪ್ಯೂಟರ್ ಸಿಕ್ಕಿತೆಂದರೆ ಕೇಳಬೇಕೆ?

ಹೆಡ್‌ಮಾಸ್ಟರ್ ಶಿವಸುಬ್ರಹ್ಮಣ್ಯ ಭಟ್ಟರಿಗೆ ಮಾತ್ರ ಅದೊಂದು ತಲೆನೋವು. "ಆಗಸ್ಟ್ ಹದಿನೈದಕ್ಕೆ ಶಾಲಾ ಕಮಿಟಿಯವರು ಬರ್ತಾರೆ. ಅವರಿಗೆ ಏನಾದರೂ ತೋರಿಸಿ ಟೀಚರ್. ಇಲ್ಲದಿದ್ರೆ ಆ ಕಂಪ್ಯೂಟರ್ ಕೋಣೆಯನ್ನು ಸ್ಟೋರ್ ಮಾಡ್ತೇನೆ" ಎಂದುಬಿಟ್ಟರು.

ಆಗ ಆಟಿ, ತುಳುನಾಡಿನ ಜಡಿಮಳೆಯ ತಿಂಗಳು. ಮನೆಮನೆಯಲ್ಲೂ ಕಾಯಿ ಹಂಚಿ ಆಡುವ ಚೆನ್ನೆಮಣೆ ಅಟ್ಟದಿಂದ ಇಳಿದಿತ್ತು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ. ಕಂಪ್ಯೂಟರ್ ತರಬೇತಿಯಲ್ಲಿ ಕಲಿಸಿದ ಸಾಲು-ಕಂಬಗಳ ಪಟ್ಟಿಯೂ ಇದೇ ಅಲ್ಲವೇ ಎಂದು ದಮಯಂತಿಗೆ ಹೊಳೆಯಿತು. ಯಂತ್ರವೇ ಮನಸ್ಸಿಗೆ ಬಂದ ಗುಳಿಯನ್ನು ಆರಿಸಿ ಅಲ್ಲಿನ ಅಂಕಿ ಬದಲಿಸುವ ಹಾಗೆ ಪ್ರೋಗ್ರಾಮ್ ಬರೆದರು. ಈ ಸಲ ಯಾವ ಗುಳಿಯೋ ಎಂದು ಬರೆದವರಿಗೇ ಕುತೂಹಲ!

ಧ್ವಜವಂದನೆ ಮುಗಿಸಿ ಬಂದ ಕಮಿಟಿಯವರು ಪರದೆಯ ಮೇಲೆ ಚೆನ್ನೆಮಣೆ ಕಂಡು ಬೆರಗಾದರು. ಒಂದು ಗುಳಿಯಲ್ಲಿ ನಾಲ್ಕಿದ್ದದ್ದು ಒಂಬತ್ತಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಬಾಗಿಲಲ್ಲಿ ನಿಂತಿದ್ದ, ಶಾಲೆಯ ಪಕ್ಕದ ಮನೆಯ ಅಜ್ಜಿ ಕಾವೇರಮ್ಮ ತಟ್ಟಲಿಲ್ಲ. ಊರಲ್ಲಿ ಅವರನ್ನು ಚೆನ್ನೆಯಲ್ಲಿ ಸೋಲಿಸಿದವರಿಲ್ಲ. "ಉಳಿದ ಗುಳಿಯಲ್ಲೆಲ್ಲ ನಾಲ್ಕು ನಾಲ್ಕೇ ಉಂಟಲ್ಲ ಟೀಚರ್. ಈ ಐದು ಕಾಯಿ ಎಲ್ಲಿಂದ ಬಂತು?"

ದಮಯಂತಿ ಪರದೆಯನ್ನು ಮತ್ತೊಮ್ಮೆ ನೋಡಿದರು. ಒಂದು ಗುಳಿಯ ಕಾಯಿ ತೆಗೆದು ಮುಂದಿನವಕ್ಕೆ ಹಂಚು ಎಂದು ಯಂತ್ರಕ್ಕೆ ಹೇಳಿಯೇ ಇರಲಿಲ್ಲ. ಸುಮ್ಮನಿದ್ದಿದ್ದರೆ ಕೋಣೆ ಉಳಿಯುತ್ತಿತ್ತು. ಆದರೆ ಗಣಿತದ ಟೀಚರ್ ಲೆಕ್ಕ ತಪ್ಪಿದ್ದನ್ನು ನುಂಗಿಕೊಳ್ಳುವುದು ಹೇಗೆ? "ಇದು ಚೆನ್ನೆ ಅಲ್ಲ, ನನ್ನ ತಪ್ಪು. ಒಂದು ದಿನ ಕೊಡಿ" ಎಂದರು. ಭಟ್ಟರ ಹುಬ್ಬು ಗಂಟಾಯಿತು.

ಆಟಿ ಕಳೆದು ಮುಂದಿನ ತಿಂಗಳು ಸೋಣ ಬಂದರೆ ಮಣೆ ಮುಟ್ಟುವಂತಿಲ್ಲ ಎಂಬುದು ಊರಿನ ಕಟ್ಟಳೆ. ಹಾಗಾಗಿ ಆಟಿಯ ಕೊನೆಯ ದಿನ, ಭಾನುವಾರವೇ, ಟೀಚರ್ ತಿದ್ದಿದ ಪ್ರೋಗ್ರಾಮಿನೊಂದಿಗೆ ಆಡಲು ಕಾವೇರಮ್ಮ ಬಂದು ಕೂತರು. ಅವರು ಗುಳಿ ತೋರಿಸಿದರು, ದಮಯಂತಿ ಕೀಲಿ ಒತ್ತಿದರು. ಯಂತ್ರದ ಪ್ರತಿ ಸರದಿಗೂ ಅಜ್ಜಿ ಬೆರಳು ಮಡಚಿ ಎಣಿಸಿದರು. ಮೂರು ಆಟ, ಮೂರರಲ್ಲೂ ಅವರೇ ಗೆದ್ದರು.

"ಕಳ್ಳಾಟ ಬಿಟ್ಟಿದೆ. ಆದರೆ ಇದಕ್ಕೆ ಆಡ್ಲಿಕ್ಕೆ ಬರುವುದಿಲ್ಲ" ಎಂದು ತೀರ್ಪು ಕೊಟ್ಟರು.

"ಕಲಿಸಬಹುದು. ಯಾವ ಗುಳಿ ತೆಗೆಯಬೇಕು ಅಂತ ನೀವು ಹೇಗೆ ಆರಿಸ್ತೀರಿ, ಹೇಳಿಕೊಡ್ತೀರಾ?"

ಕಾವೇರಮ್ಮ ಏಳಲು ಹೊರಟರು. "ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ ಟೀಚರ್. ಮತ್ತೆ ನಾಳೆ ಸೋಣ."

"ಮಣೆ ಮುಟ್ಟುವುದು ಬೇಡ. ಬಾಯಲ್ಲಿ ಹೇಳಿದ್ರೆ ಸಾಕು, ನಾನು ಬರ್ಕೊಳ್ತೇನೆ."

ಗೋಡೆಗೊರಗಿ ನಿಂತಿದ್ದ ಭಟ್ಟರು ಎಲ್ಲ ಕೇಳಿಸಿಕೊಂಡು ಹೊರಗೆ ಹೋದರು. ಇನ್ನು ಕೋಣೆ ಹೋಯಿತೆಂದೇ ದಮಯಂತಿ ಎಣಿಸಿದರು.

ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಕಂಪ್ಯೂಟರಿನ ಮುಂದೆ, ಟೀಚರರ ಕುರ್ಚಿಯ ಪಕ್ಕದಲ್ಲೇ, ಹೆಡ್‌ಮಾಸ್ಟರರ ಕೈಯಿರುವ ಕುರ್ಚಿಯನ್ನು ಭಟ್ಟರೇ ಕಾವೇರಮ್ಮನಿಗೆಂದು ತಂದು ಹಾಕಿದ್ದರು.