ತಗ್ಗಿಸಿದ ಕಾರು ಮತ್ತು ತರೀಕೆರೆಯ ಮೇಸ್ತ್ರಿ

ಅವರ ಮುಖಕ್ಕಿಂತ ಮೊದಲು ನಾನು ನೋಡಿದ್ದು ಅವರ ಹಿಮ್ಮಡಿಗಳನ್ನು. ಎರಡೂ ಆಳವಾಗಿ ಒಡೆದಿದ್ದವು. ಒಂದೊಂದು ಬಿರುಕಿನಲ್ಲೂ ವರ್ಷಗಟ್ಟಲೆಯ ಗ್ರೀಸು ಕೂತು, ಕಪ್ಪು ಶಾಯಿಯಲ್ಲಿ ಗೆರೆ ಎಳೆದಂತೆ ಕಾಣುತ್ತಿತ್ತು. ತರೀಕೆರೆ ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿನಲ್ಲಿ ಕಾರು ಬಿಟ್ಟು ಟೀ ಕುಡಿದು ಬರುವಷ್ಟರಲ್ಲಿ ಅವರು ಅದರ ಮೂತಿಗೆ ಜಾಕಿ ಕೊಟ್ಟು, ದಿಮ್ಮಿ ಇಟ್ಟು, ಅಡಿಗೆ ಸೇರಿಕೊಂಡಿದ್ದರು. ನಾನು ಹಿಮ್ಮಡಿಗಳ ಜೊತೆಗೇ ಮಾತಾಡಿದೆ. ಕಾರು ಎಡಕ್ಕೆ ಎಳೆಯುತ್ತದೆ, ಸಣ್ಣ ಗುಂಡಿ ಸಿಕ್ಕರೂ ಮುಂದೆ ಢಬ್ ಎನ್ನುತ್ತದೆ, ಭಾನುವಾರ ಚಿಕ್ಕಮಗಳೂರಿನಲ್ಲಿ ಹಳೇ ಕಾರುಗಳ ಪ್ರದರ್ಶನವಿದೆ, ಅಷ್ಟರೊಳಗೆ ಬೇಕು ಎಂದೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಪ್ರಶ್ನೆ ಬಂತು.

“ಇದ್ನ ಕಡೂರಿಂದ ಓಡಿಸ್ಕಂಡೇ ಬಂದ್ರಾ?”

“ಹೂಂ.”

“ಪಕ್ಕದಲ್ಲಿ ಯಾರ್ ಕೂತಿದ್ರು?”

“ಯಾರೂ ಇಲ್ಲ.”

“ಸದ್ಯ,” ಎಂದರು.

ಗಾಡಿ ಯಾರದೇ ಇರಲಿ, ಪಕ್ಕದಲ್ಲಿ ಯಾರು ಕೂರುತ್ತಾರೆ ಎಂದು ಕೇಳದೆ ಅವರು ಕೆಲಸ ಶುರು ಮಾಡುತ್ತಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಕಡೂರಿನಿಂದ ಅಜ್ಜಂಪುರದವರೆಗೆ ಎಲ್ಲರ ಬಾಯಲ್ಲೂ ಅವರು ಬರೀ ‘ಮೇಸ್ತ್ರಿ’.

ಕಾರು ನಮ್ಮ ಅಪ್ಪಾಜಿಯದು. ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ, ಇಂಗ್ಲೆಂಡಿನ ಹಳೇ ಸ್ಪೋರ್ಟ್ಸ್ ಕಾರು. ಕಡೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಅಪ್ಪಾಜಿ ಅದನ್ನು ಯೌವನದಲ್ಲಿ ಒಬ್ಬ ಕಾಫಿ ತೋಟದವರಿಂದ ಕೊಂಡಿದ್ದರು. ಆಗಲೇ ನೆಲಕ್ಕೆ ಹತ್ತಿರವಿದ್ದ ಕಾರು ಅವರಿಗೆ ಸಾಲಲಿಲ್ಲ. ಟೈರಿಗೂ ಮಡ್ಗಾರ್ಡಿಗೂ ನಡುವೆ ಎರಡು ಬೆರಳಷ್ಟೇ ಜಾಗ ಇರಬೇಕು ಎಂದು ಹಟ ಹಿಡಿದು ತಗ್ಗಿಸಿದರು. ಸ್ವಲ್ಪ ದಿನಕ್ಕೇ ಬೀರೂರು ದಾಟಿದ ಮೇಲೆ ಕಾರು ರಸ್ತೆ ಬಿಟ್ಟು ಹುಣಸೆ ಮರಕ್ಕೆ ಬಡಿಯಿತು. ಎಮ್ಮೆ ಅಡ್ಡ ಬಂತು ಎಂದು ಅಪ್ಪಾಜಿ ಎಲ್ಲರಿಗೂ ಹೇಳಿದರು. ಪಕ್ಕದಲ್ಲಿದ್ದ ಅಮ್ಮನಿಗೆ ತರಚಿದ ಗಾಯವಷ್ಟೇ ಆಯಿತು. ಅಪ್ಪಾಜಿಯ ಎಡ ಮಂಡಿ ಮಾತ್ರ ಮತ್ತೆ ಮಡಚಲಿಲ್ಲ. ಕಾರನ್ನು ಎಲ್ಲೋ ಬೆಸುಗೆ ಹಾಕಿಸಿ ತಂದು ಶೆಡ್ಡಿಗೆ ತಳ್ಳಿದರು. ಅಮ್ಮ ಮತ್ತೆ ಅದರಲ್ಲಿ ಕೂರಲಿಲ್ಲ. ಅಪ್ಪಾಜಿ ಹೋದ ಮೇಲೆ ನನಗೆ ಅದನ್ನು ಓಡಿಸಬೇಕು ಎನ್ನಿಸಿತು. ಕಡೂರಿನ ಗ್ಯಾರೇಜಿನವರು ಬಗ್ಗಿ ನೋಡಿ, “ಇದು ತರೀಕೆರೆ ಮೇಸ್ತ್ರಿ ಕೈಲೇ ಆಗ್ಬೇಕು,” ಎಂದು ಕಳಿಸಿದ್ದರು.

ಮೇಸ್ತ್ರಿ ಹೊರಗೆ ಬಂದು ಮುಖ ಒರೆಸಿಕೊಂಡರು. ಅರವತ್ತು ದಾಟಿದ ಸಣ್ಣ ಆಳು.

“ಭಾನುವಾರ ಆಗಲ್ಲ. ಕೊಡಲ್ಲ.”

ಪ್ರದರ್ಶನದವರಿಗೆ ಬರುತ್ತೇನೆಂದು ಮಾತು ಕೊಟ್ಟಿದ್ದೇನಲ್ಲ ಎಂದು ನಾನು ವಾದಕ್ಕೆ ನಿಂತೆ. ಅವರು ಎಡಗಡೆಯ ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದರು. ಆಮೇಲೆ ಚಕ್ರ ಹಿಡಿದಿರುವ ಕಬ್ಬಿಣದ ತೋಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒಣಗುವಂತೆ ಒರೆಸಿದರು.

“ಕಾಲೇಜ್ ಮೇಡಂ ಅಂತ ಕಡೂರಿನೋರು ಅಂದಿದ್ರು. ಬ್ಯಾಗಲ್ಲಿ ಸೀಮೆಸುಣ್ಣ ಐತಾ?”

ನಾನು ಅಜ್ಜಂಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವಳು, ಇತ್ತು. ಅವರು ಅದನ್ನು ಪುಡಿ ಮಾಡಿ ತೋಳಿನ ಮೇಲೆ ಸವರಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಹಳೆಯ ಬೆಸುಗೆಯ ಪಕ್ಕದಲ್ಲಿ ಬಿಳಿಪುಡಿಯ ಮೇಲೆ ಕೂದಲೆಳೆಯಂಥ ಒದ್ದೆ ಗೆರೆಯೊಂದು ನಿಧಾನವಾಗಿ ಮೂಡಿತು. ಬಿರುಕಿನಲ್ಲಿ ಅಡಗಿದ್ದ ಸೀಮೆಎಣ್ಣೆ ಹೊರಗೆ ಬರುತ್ತಿತ್ತು. ಗೆರೆ ತೋಳಿನ ಮುಕ್ಕಾಲು ಸುತ್ತು ಹೋಗಿತ್ತು.

“ಇಷ್ಟ್ ಮಾತ್ರ ಹಿಡ್ಕಂಡಿತ್ತು ನಿಮ್ಮನ್ನ,” ಎಂದು ಉಳಿದ ಕಾಲುಭಾಗವನ್ನು ಉಗುರಿನಿಂದ ತೋರಿಸಿದರು.

ಸ್ಪ್ರಿಂಗ್ ಬಿಚ್ಚಿದಾಗ ಅದರ ತುದಿ ಸುಟ್ಟು ಕರಕಲಾಗಿತ್ತು. ಗ್ಯಾಸ್ ಕಟ್ಟರಿನಿಂದ ಒಂದೂವರೆ ಸುತ್ತು ಕತ್ತರಿಸಿದ್ದರು. ಸ್ಪ್ರಿಂಗಿನ ಲೆಕ್ಕವನ್ನು ಪ್ರತಿವರ್ಷ ಬೋರ್ಡಿನ ಮೇಲೆ ಬಿಡಿಸುವ ನನಗೆ ಸಿಟ್ಟು ಬಂತು.

“ಯಾವ ಮೂರ್ಖ ಹೀಗೆ ಕತ್ತರಿಸಿದ್ದು?”

ಮೇಸ್ತ್ರಿ ಸ್ಪ್ರಿಂಗನ್ನು ಬೆಂಚಿನ ಮೇಲಿಟ್ಟು ಒಳಗೆ ಹೋದರು.

ಮೂರನೆಯ ದಿನ ಫೋನ್ ಮಾಡಿ ಬರಲು ಹೇಳಿದರು. ಕಾಲೇಜು ಮುಗಿಸಿ ಹೋದಾಗ ಕೈ ತೊಳೆದುಕೊಂಡು ಸುಮ್ಮನೆ ಕೂತಿದ್ದರು. ಹಾಗೆ ಕೈ ಖಾಲಿ ಬಿಟ್ಟು ಕೂತದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

“ಆ ಮೂರ್ಖ ನಾನೇ ಮೇಡಂ.”

ಬೆಂಚಿನ ಮೇಲಿದ್ದ ಸ್ಪ್ರಿಂಗಿನ ಸುಟ್ಟ ತುದಿ ತೋರಿಸಿದರು.

“ಗ್ಯಾರೇಜ್ ಶುರು ಮಾಡಿ ಆರ್ ತಿಂಗ್ಳಾಗಿತ್ತು. ನಿಮ್ ತಂದೆ, ಸಾವ್ಕಾರ್ರು, ಬಂದು ಕಾರ್ ತಗ್ಗಿಸ್ಕೊಡು ಅಂದ್ರು. ಬ್ಯಾಡ ಅಂದೆ. ಇನ್ನೊಂದ್ ಸಲ ಬಂದ್ರು, ಆಗ್ಲೂ ಬ್ಯಾಡ ಅಂದೆ. ಮೂರ್ನೇ ಸಲ, ‘ನಿಂಗ್ ಬರಲ್ಲ ಅಂದ್ರೆ ಬರಲ್ಲ ಅನ್ನು, ಬೇರೆ ಕಡೆ ಹೋಗ್ತೀನಿ’ ಅಂದ್ರು. ಅದು ಚುಚ್ಚಿಬಿಡ್ತು. ಕತ್ತರಿಸ್ದೆ. ಇನ್ನೂ ತಗ್ಗಲಿ ಅಂತ ಏಟು ತಡೆಯೋ ರಬ್ಬರ್ನೂ ಕುಯ್ದೆ. ಕಬ್ಬಿಣಕ್ಕೆ ಕಬ್ಬಿಣ ಬಡಿಯಾಕ್ ಹತ್ತಿತ್ತು. ಕಡೆಗೆ ಆ ತೋಳೇ ಮುರೀತು. ಎಮ್ಮೆಗಿಮ್ಮೆ ಏನೂ ಬಂದಿರ್ಲಿಲ್ಲ ಕಣಮ್ಮ. ತಪ್ ಒಪ್ಕಳಾಣ ಅಂತ ಆಸ್ಪತ್ರೆ ಬಾಗ್ಲ ತಂಕ ಹೋಗಿ ವಾಪಸ್ ಬಂದ್ಬಿಟ್ಟೆ.”

ನಾನು ಎದ್ದು ಹೋಗಿ ಬಸ್ಸು ಹತ್ತಿದೆ. ಅಪ್ಪಾಜಿ ಸಾಯುವವರೆಗೂ ಅಂಗಡಿಯ ಮೂರು ಮೆಟ್ಟಿಲನ್ನು ಅಡ್ಡಡ್ಡವಾಗಿ, ಬಾಗಿಲ ಚೌಕಟ್ಟು ಹಿಡಿದು ಹತ್ತುತ್ತಿದ್ದರು. ಅದೇ ಕಣ್ಣಿಗೆ ಕಟ್ಟುತ್ತಿತ್ತು. ಕಾರನ್ನು ಅಲ್ಲಿಂದ ಎಳೆಸಿಕೊಂಡು ಬಂದುಬಿಡೋಣ ಎಂದೂ ಯೋಚಿಸಿದೆ. ಆದರೆ ಎರಡು ದಿನ ಕಳೆದ ಮೇಲೆ ಬೇರೊಂದು ಯೋಚನೆ ಬಂತು. ಅವರು ಸುಮ್ಮನಿದ್ದಿದ್ದರೆ ನನಗೆ ಗೊತ್ತಾಗುತ್ತಿತ್ತೇ? ಬಿರುಕು ತೋರಿಸಿ ಜೀವ ಉಳಿಸಿದವರೆಂದು ನಾನು ಕೈ ಮುಗಿದು ಬರುತ್ತಿದ್ದೆ. ಅದನ್ನು ಅವರು ಬೇಡವೆಂದಿದ್ದರು. ಮತ್ತೆ ಹೋದೆ. ಅವರು ಕೇಳಿದ್ದು ಎರಡೇ: ಕೆಲಸ ತಾನೇ ಮುಗಿಸಬೇಕು, ಅಮ್ಮನಿಗೆ ತಾನೇ ಹೇಳಬೇಕು.

ಕೆಲಸ ನಾಲ್ಕು ತಿಂಗಳು ಹಿಡಿಯಿತು. ತೋಳುಗಳು ಹೊರದೇಶದಿಂದ ಪಾರ್ಸೆಲ್ಲಿನಲ್ಲಿ ಬಂದವು. ಕಾರನ್ನು ಮೊದಲಿನ ಎತ್ತರಕ್ಕೇ ತಂದುಬಿಡಿ ಎಂದರೆ ಮೇಸ್ತ್ರಿ ಒಪ್ಪಲಿಲ್ಲ.

“ಸಾವ್ಕಾರ್ರಿಗೆ ತಗ್ಗೇ ಇಷ್ಟ. ತಗ್ಗಿಸಿದ್ದು ತಪ್ಪಲ್ಲ ಮೇಡಂ, ಕತ್ತರಿಸಿದ್ದು ತಪ್ಪು.”

ತಂತಿಯ ದಪ್ಪ, ಸುತ್ತು, ಎತ್ತರ ಎಲ್ಲ ಬರೆದುಕೊಟ್ಟು, ಆ ತಗ್ಗಿಗೆ ಸರಿಯಾಗಿ ಬೆಂಗಳೂರಿನಲ್ಲಿ ಹೊಸ ಸ್ಪ್ರಿಂಗ್ ಸುತ್ತಿಸಿದರು. ಎರಡು ಬೆರಳಿನ ಜಾಗ ಮೂರಾಯಿತು, ಅಷ್ಟೇ. ಚಕ್ರಗಳು ನೇರ ನಿಂತಿವೆಯೇ ಎಂದು ನೋಡಲು ಕಾರಿನ ಎರಡೂ ಮಗ್ಗುಲಿಗೆ ದಾರ ಬಿಗಿದು, ಮೊಣಕಾಲೂರಿ, ಉಕ್ಕಿನ ಸ್ಕೇಲಿನಿಂದ ಅಳೆಯುತ್ತಿದ್ದರು. ಒಂದು ದಿನ ಅಳೆದದ್ದನ್ನು ಮರುದಿನ ನಂಬುತ್ತಿರಲಿಲ್ಲ; ಮತ್ತೆ ಅಳೆಯುತ್ತಿದ್ದರು. ಕೆಲಸ ಆಯಿತು ಎಂಬ ಮಾತು ಅವರ ಬಾಯಲ್ಲಿ ಇರಲೇ ಇಲ್ಲ. ‘ಈಗ ನಂಬ್ಬೋದು’ ಎನ್ನುತ್ತಿದ್ದರು.

ಕೊನೆಗೆ ತೋಳುಗಳ ಬುಡದ ರಬ್ಬರ್ ಬುಷ್ಷುಗಳ ಬೋಲ್ಟ್ ಬಿಗಿಯುವುದು ಉಳಿಯಿತು. ಕಾರಿನಲ್ಲಿ ಜನ ಕೂತು, ಅದು ತನ್ನ ಭಾರಕ್ಕೆ ಇಳಿದು ನಿಂತಾಗಲೇ ಬಿಗಿಯಬೇಕು, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡು ಹರಿಯುತ್ತದೆ. “ಅಮ್ಮಾರ್ನ ಕರ್ಕಂಬನ್ನಿ,” ಎಂದರು. ವಿಷಯ ಹೇಳದೆ ಕರೆದುಕೊಂಡು ಹೋದೆ. ಅಮ್ಮ ಕಾರಿನ ಮುಂದೆ ಬಹಳ ಹೊತ್ತು ನಿಂತಳು. “ಓಡ್ಸಲ್ಲ ತಾನೆ?” ಎಂದು ಕೇಳಿ, ಸೆರಗು ಬಿಗಿ ಮಾಡಿಕೊಂಡು ಹತ್ತಿದಳು. ನಾನು ಸ್ಟೀರಿಂಗಿನ ಹಿಂದೆ ಕೂತೆ. ಮೇಸ್ತ್ರಿ ಸ್ಪ್ಯಾನರ್ ಹಿಡಿದು ನಿಂತು, ನನಗೆ ಹೇಳಿದ್ದಷ್ಟನ್ನೂ ಅಮ್ಮನಿಗೆ ಹೇಳಿದರು.

ಅಮ್ಮ ಅವರ ಕಡೆ ತಿರುಗಿದಳು.

“ಎಮ್ಮೆ ಬರ್ಲಿಲ್ಲ ಅಂತ ನಂಗೊತ್ತಿಲ್ವೇನಪ್ಪ? ಪಕ್ಕದಲ್ಲೇ ಕೂತಿದ್ನಲ್ಲ. ಆಸ್ಪತ್ರೆಲೇ ಕೇಳ್ದೆ. ‘ಹುಡ್ಗ ಎರಡ್ ಸಲ ಬ್ಯಾಡ ಅಂದ ಕಣೇ, ನಾನೇ ಕೆಣಕಿ ಮಾಡಿಸ್ಕಂಡೆ. ಈಗ ಅವನ ಹೆಸ್ರು ಎತ್ತಿದ್ರೆ ಅವನ ಬಾಗ್ಲಿಗೆ ಯಾರೂ ಹೋಗಲ್ಲ. ಎಮ್ಮೆ ಬಂತು ಅಂತ್ಲೇ ಹೇಳು’ ಅಂದ್ರು. ನಾನೂ ಹಂಗೇ ಹೇಳ್ಕಂಡ್ ಬಂದೆ.”

“ಅದ್ಕೇನಾ...” ಎಂದರು ಮೇಸ್ತ್ರಿ. “ಸಾವ್ಕಾರ್ರು ಕೊಬ್ಬರಿ ಲಾರಿ ಮಾತ್ರ ಕಡೆ ತಂಕ ನಂತಾವ್ಲೇ ರಿಪೇರಿಗೆ ಕಳಿಸ್ತಿದ್ರು. ಯಾಕೆ ಅಂತ ಕೇಳೋ ಧೈರ್ಯ ಬರ್ಲಿಲ್ಲ.”

ಹಾಗೇ ಕಾರಿನಡಿ ಸರಿದರು. ಬೋಲ್ಟ್ ತಿರುಗುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. “ಆಯ್ತಾ ಮೇಸ್ತ್ರಿ?” ಎಂದು ನಾನು ಕರೆದೆ.

“ಇನ್ನೊಂಚೂರು ಕೂತಿರಿ ಅಮ್ಮಾ,” ಎಂದರು ಕೆಳಗಿನಿಂದ.

ಅಮ್ಮ ನನ್ನ ಕೈ ಒತ್ತಿ ಸುಮ್ಮನಿರಿಸಿದಳು. ಹೊರಗೆ ಶಿವಮೊಗ್ಗದ ಬಸ್ಸು ಬಂದು ಜನ ಇಳಿಸಿ, ಹತ್ತಿಸಿಕೊಂಡು ಹೋಯಿತು. ಆಮೇಲೆ ಮೇಸ್ತ್ರಿ ಈಚೆ ಬಂದು, ಬೇರೆ ಕಡೆ ನೋಡುತ್ತ, “ಈಗ ನಂಬ್ಬೋದು,” ಎಂದರು. ಅಮ್ಮ ಇಳಿಯಲಿಲ್ಲ. “ಮೆಲ್ಲಗ್ ಹೋಗು,” ಎಂದು ನನಗೆ ಹೇಳಿದಳು. ಕಡೂರು ಮುಟ್ಟುವವರೆಗೂ ಬಾಗಿಲ ಮೇಲಿಟ್ಟ ಕೈ ತೆಗೆಯಲಿಲ್ಲ, ಆದರೆ ಕಣ್ಣು ಬಿಟ್ಟುಕೊಂಡೇ ಇದ್ದಳು.

ಕಳೆದ ವರ್ಷ ಮೇಸ್ತ್ರಿ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ನಾನು ಹೋದಾಗ ಅವರ ಮನೆಯ ಮುಂದಿನ ಶಾಮಿಯಾನದಡಿ ಲಾರಿಯವರು, ಟೆಂಪೋದವರು, ಸಖರಾಯಪಟ್ಟಣದಿಂದ ಬಂದ ಜೀಪಿನವರು ಸೇರಿದ್ದರು. ಎಲ್ಲರದೂ ದೂರೇ. ಒಬ್ಬನ ಗಾಡಿಯನ್ನು ಮದುವೆ ದಿಬ್ಬಣದ ಹಿಂದಿನ ದಿನ ಕೊಡಲಿಲ್ಲ. ಇನ್ನೊಬ್ಬನ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗಿಬಿಟ್ಟಿದ್ದರು. “ಬೈಕಂಡೇ ಹೋಗ್ತಿದ್ದೆ ಕಣ್ರೀ,” ಎಂದ ಹಾಲಿನ ವ್ಯಾನಿನವನೊಬ್ಬ ಕಣ್ಣೊರೆಸಿಕೊಳ್ಳುತ್ತ, “ಆದ್ರೆ ಹೋದೋನು ನೆಟ್ಟಗೆ ಮನೆಗ್ ಬತ್ತಿದ್ದೆ.”

ಆಮೇಲೆ ಅವನು ನನ್ನ ಕಡೆ ತಿರುಗಿದ. “ನಿಮ್ದ್ಯಾವ ಗಾಡಿ ಅಕ್ಕಾ?”

ಎಲ್ಲರೂ ನನ್ನನ್ನೇ ನೋಡಿದರು. ಹೇಳಲು ನನ್ನ ಬಳಿ ಅವರೆಲ್ಲರಿಗಿಂತ ದೊಡ್ಡ ಕಥೆಯಿತ್ತು. ಆದರೆ ಅಪ್ಪಾಜಿ ಅಷ್ಟು ವರ್ಷ ಕಾಪಾಡಿದ ಮಾತನ್ನು ಆ ಶಾಮಿಯಾನದಡಿ ಬಿಚ್ಚಲು ನನಗೆ ಮನಸ್ಸು ಬರಲಿಲ್ಲ. “ನಮ್ಮಪ್ಪಂದು ಒಂದು ಹಳೇ ಕಾರು. ಮುಂಭಾಗ ಹಾಳಾಗಿತ್ತು, ಸರಿ ಮಾಡಿಕೊಟ್ರು,” ಎಂದಷ್ಟೇ ಹೇಳಿದೆ. ಇಲ್ಲಿಯೂ ಮೇಸ್ತ್ರಿಯ ಹೆಸರು ಬರೆಯದಿರುವುದು ಅದಕ್ಕೇ.